ಉತ್ತರ ಬರುವತನಕ ನಿಂತಿರು

ಮಾರ್ಚ್ ತಿಂಗಳು ಮುಗಿಯುತ್ತ ಬಂತೆಂದರೆ ಮುಂಡರಗಿಯ ನಮ್ಮ ಮನೆಯ ಕಟ್ಟೆಗೆ ಪುರುಸೊತ್ತಿಲ್ಲ. ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದು ಕೂಡುತ್ತಾರೆ. "ರೇಣುಕಾ ಅಕ್ಕೋರ, ಇಂಟರ್‌ವ್ಯೂದಾಗ ಏನೇನ್ ಕೇಳ್ತಾರ್ರಿ?" ಎನ್ನುತ್ತಾರೆ. ಹೋದ ವಾರ ಒಬ್ಬ, ಯಾವ ಬಣ್ಣದ ಅಂಗಿ ಹಾಕಿಕೊಂಡು ಹೋಗಬೇಕು ಎಂದು ಕೇಳಿದ. ಒಗೆದದ್ದು ಹಾಕಿಕೊಂಡು ಹೋಗಪ್ಪಾ ಎಂದೆ.

ನಾನು ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಮ್ಮ ಶಾಲೆಯಲ್ಲಿ ಈಗ, ಅಂದರೆ ಈ ಎಂಬತ್ತೆಂಟನೆಯ ಇಸವಿಯಲ್ಲಿ, ಸಂದರ್ಶನಕ್ಕೆ ಬರುವವರು ಏನನ್ನು ನಿರೀಕ್ಷಿಸಬಹುದು ಎಂದರೆ ಹೇಳುವುದು ಸುಲಭ. ಶಾಲೆ ನಡೆಯುವ ದಿನವೇ ಕರೆಯುತ್ತೇವೆ. ಬೆಂಚಿನ ಮೇಲೆ ಖರೆ ಖರೆ ಹುಡುಗಿಯರು ಇರುತ್ತಾರೆ, ಅವರಿಗೇ ಪಾಠ ಮಾಡಬೇಕು. ಬಾಗಿಲು ಹಾಕುವುದಿಲ್ಲ. ಬಂದವರೆಲ್ಲರಿಗೂ ಚಹಾ ಇರುತ್ತದೆ. ಸಂಜೆ ಹೊರಡುವ ಮೊದಲು ಒಬ್ಬೊಬ್ಬರನ್ನೇ ಕರೆದು, ಆಗಿದೆ ಎಂದಾದರೆ ಆಗಿದೆ, ಇಲ್ಲವೆಂದಾದರೆ ಇಲ್ಲ ಮತ್ತು ಯಾಕಿಲ್ಲ, ಮುಖ ನೋಡಿ ಹೇಳುತ್ತೇವೆ. "ತಿಳಸ್ತೀವಿ" ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ.

ಇದೇನು ಸರ್ಕಾರದ ನಿಯಮವಲ್ಲ. ಯಾರೋ ದೊಡ್ಡ ಮನಸ್ಸು ಮಾಡಿ ತಂದದ್ದೂ ಅಲ್ಲ. ಇದರ ಹಿಂದೆ ಒಬ್ಬ ಹೆಣ್ಣುಮಗಳ ಸಿಟ್ಟಿದೆ. ಅದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ಕಟ್ಟೆಗೆ ಬಂದವರಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದಿಲ್ಲ. ಕುಂಡ್ರಿ, ಅಖ್ತರಿಯ ಸುದ್ದಿ ಕೇಳ್ರಿ ಎನ್ನುತ್ತೇನೆ.

ಅಖ್ತರಿ ಹಮ್ಮಿಗಿಯವಳು, ತುಂಗಭದ್ರೆಯ ದಂಡೆಯ ಊರು. ಅಪ್ಪ ರಹಮಾನಸಾಬ ಪಿಂಜಾರ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದು ಕೊಡುವುದು ಅವರ ಮನೆತನದ ಕಸುಬು. ತಾಯಿ ಬೀಬಿಜಾನ. ಆ ಕಡೆಯ ಪಿಂಜಾರರ ಮನೆಗಳಲ್ಲಿ ಆಡುವುದು ಕನ್ನಡ. ನಮಾಜಿನ ಮಾತುಗಳನ್ನು ಬಿಟ್ಟರೆ ಉಳಿದದ್ದೆಲ್ಲ, ಜಗಳ, ಲಾಲಿ, ಹತ್ತಿಯ ಲೆಕ್ಕ, ಎಲ್ಲ ಕನ್ನಡದಲ್ಲೇ. ಊರಲ್ಲಿದ್ದದ್ದು ಕನ್ನಡ ಶಾಲೆಯೊಂದೇ, ಅಲ್ಲಿಯೇ ಕಲಿತಳು. ಹೈಸ್ಕೂಲಿಗೆ ಮುಂಡರಗಿಯ ಅತ್ತೆ ರಮಜಾನಬಿಯ ಮನೆಯಲ್ಲಿದ್ದಳು. ಆಮೇಲೆ ಗದಗಿಗೆ ಹೋಗಿ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದಳು, ಬಿ.ಎಡ್. ಮಾಡಿದಳು. ಅವಳ ಊರಿನಿಂದ ಅಷ್ಟು ಓದಿದ ಹೆಣ್ಣುಮಗಳು ಅವಳಿಗಿಂತ ಮೊದಲು ಇರಲಿಲ್ಲ.

ನಾನು ಅವಳನ್ನು ಮೊದಲು ಕಂಡದ್ದು ಗದಗಿನ ಒಂದು ಶಾಲೆಯ ಪಡಸಾಲೆಯಲ್ಲಿ. ನಾನು ಶಿರಹಟ್ಟಿಯವಳು, ನಾನೂ ಆಗ ನೌಕರಿ ಹುಡುಕಿಕೊಂಡು ತಿರುಗುತ್ತಿದ್ದೆ. ಬೆಳಗ್ಗೆ ಬರಲು ಹೇಳಿ ಮಧ್ಯಾಹ್ನದವರೆಗೆ ಹೊರಗೆ ಕೂಡಿಸಿದ್ದರು. ಒಳಗೆ ಫ್ಯಾನಿನ ಕೆಳಗೆ ಕಮಿಟಿಯವರು ಮಿರ್ಚಿ ಭಜಿ ತಿನ್ನುತ್ತಿದ್ದರು, ವಾಸನೆ ನಮಗೆ. ಹಾಳಾಗಲಿ ಎಂದು ನಾನು ರೊಟ್ಟಿಯ ಗಂಟು ಬಿಚ್ಚಿದೆ. ಪಕ್ಕದಲ್ಲಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯ, ಕಪ್ಪನೆಯ ಎತ್ತರದ ಹುಡುಗಿಯೊಬ್ಬಳು ಕೂತಿದ್ದಳು. "ನನ್ನ ಕಡೆ ಗುರೆಳ್ಳ ಚಟ್ನಿ ಐತಿ. ನಿಮ್ಮ ಕಡೆ ಏನೈತಿ?" ಎಂದಳು. ಅಂದಿನಿಂದ ನಾವು ಗೆಳತಿಯರು.

ಆಮೇಲೆ ಲಕ್ಷ್ಮೇಶ್ವರದಲ್ಲಿ ಭೇಟಿಯಾದೆವು, ಶಿರಹಟ್ಟಿಯಲ್ಲಿ ಭೇಟಿಯಾದೆವು, ಮತ್ತೆ ಗದಗಿನಲ್ಲಿ ಭೇಟಿಯಾದೆವು. ನೌಕರಿ ಹುಡುಕುವವರದೇ ಒಂದು ಬಳಗ, ಬಸ್ ಸ್ಟ್ಯಾಂಡಿನಲ್ಲಿ ಅವೇ ಮುಖಗಳು. ಹೀಗೆ ತಿರುಗಿ ತಿರುಗಿ ನಮಗೆ ಸಂದರ್ಶನದ ಗುಟ್ಟುಗಳೆಲ್ಲ ತಿಳಿದುಹೋಗಿದ್ದವು. ಯಾರನ್ನು ಹೆಡ್ ಮಾಸ್ತರರ ಖೋಲಿಯಲ್ಲಿ ಕೂಡಿಸಿ ಚಹಾ ಕೊಡುತ್ತಾರೋ ಅವರಿಗೆ ನೌಕರಿ ಆದಂತೆ. ಉಳಿದವರು ಪಡಸಾಲೆಯ ಮಂದಿ. ನಮ್ಮನ್ನು ಕರೆಯುವುದು ಕಾಗದದ ಮೇಲೆ ಎಲ್ಲರನ್ನೂ ಕರೆದೆವು ಎಂದು ತೋರಿಸಲಿಕ್ಕೆ. ಹೆಣ್ಣುಮಕ್ಕಳಾದರೆ "ಮದುವಿ ಆದ ಮ್ಯಾಲೆ ಬಿಟ್ಟು ಹೋಗ್ತೀರೇನು?" ಎಂಬುದೇ ಮೊದಲ ಪ್ರಶ್ನೆ. ಗಣಿತದವಳಾದ ನನ್ನನ್ನು ಒಬ್ಬ ಮಹಾಶಯ, ಚಕ್ಕಲಿ ಮಾಡಲು ಬರುತ್ತದೆಯೇ ಎಂದು ಕೇಳಿದ್ದ. ಕಡೆಯಲ್ಲಿ "ಆತು, ಹೋಗ್ರಿ, ತಿಳಸ್ತೀವಿ" ಎನ್ನುತ್ತಿದ್ದರು. ತಿಳಿಸುತ್ತೇವೆ ಎಂದರೆ ಇಲ್ಲವೆಂದೇ ಅರ್ಥ. ಯಾರೂ ಯಾವತ್ತೂ ಏನನ್ನೂ ತಿಳಿಸಲಿಲ್ಲ.

ಅಖ್ತರಿಗೆ ಮಾತ್ರ ಇದರ ಮೇಲೆ ಇನ್ನೊಂದಿತ್ತು. ಒಳಗೆ ಹೋಗಿ ಹೆಸರು ಹೇಳಿದ ಕೂಡಲೇ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಕನ್ನಡ ವಿಷಯಕ್ಕ ಬಂದೀರೇನು? ನಿಮಗ ಉರ್ದು ಶಾಲಿ ಅದಾವಲ್ಲ?" ಎನ್ನುತ್ತಿದ್ದರು. ಹೋಗಲಿ ಎಂದು ಒಮ್ಮೆ ಉರ್ದು ಶಾಲೆಗೂ ಹೋಗಿ ಬಂದಳು. ಅಲ್ಲಿನ ಮುದಿ ಮಾಸ್ತರರು ಅವಳ ಉರ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಬೇಟಿ, ನೀ ಬಾಯಿ ತಗದ್ರ ನಮ್ಮ ಪೋರಗೋಳು ಪಾಠ ಕೇಳೂದಿಲ್ಲ, ನಗ್ತಾವ. ನೀ ಕನ್ನಡ ಶಾಲಿಗೇ ಹೋಗು" ಎಂದು ಚಹಾ ಕುಡಿಸಿ ಕಳಿಸಿದರಂತೆ. ಅದನ್ನು ನನಗೆ ಹೇಳುವಾಗ ಅವಳೂ ನಕ್ಕಳು.

ಎಪ್ಪತ್ತೊಂಬತ್ತನೆಯ ಇಸವಿಯ ಮೇ ತಿಂಗಳು ಬಂದಾಗ ಅವಳ ಕಷ್ಟ ಗಂಟಲಿಗೆ ಬಂದಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಹುಟ್ಟಿದ ತಾರೀಖು ಯಾರಿಗೆ ನೆನಪಿರುತ್ತಿತ್ತು? ಶಾಲೆಗೆ ಹಚ್ಚುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಅಖ್ತರಿಯದೂ ಜೂನ್ ಒಂದೇ. ಆ ಜೂನ್ ಒಂದು ಬಂದರೆ ನೇಮಕಕ್ಕೆ ಇದ್ದ ವಯಸ್ಸಿನ ಮಿತಿ ದಾಟುತ್ತಿತ್ತು. ಆಮೇಲೆ ಯಾವ ಶಾಲೆಯವರು ಒಪ್ಪಿದರೂ ಇಲಾಖೆ ಒಪ್ಪುವುದಿಲ್ಲ. ಅಷ್ಟು ಓದಿದ್ದು ನೀರಿಗೆ ಹಾಕಿದಂತೆ ಆಗುತ್ತಿತ್ತು. ಮುಂಡರಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡಕ್ಕೊಂದು, ಗಣಿತಕ್ಕೊಂದು ಜಾಗ ಕರೆದಿದ್ದರು. ಅವಳಿಗೆ ಅದೇ ಕಡೆಯದು.

ಸಂದರ್ಶನ ಇಟ್ಟದ್ದು ಬೇಸಿಗೆ ಸೂಟಿಯ ಒಂದು ರವಿವಾರ. ಹೋಗಿ ನೋಡಿದರೆ ಚಹಾ ಕುಡಿಯುವವನು ಆಗಲೇ ಒಳಗೆ ಕೂತಿದ್ದ. ಹೊಳೆಯಪ್ಪ ಎಂದು ಹೆಸರು, ಶಾಲೆಯ ಕಮಿಟಿ ಚೇರ್ಮನ್ನರ ಅಕ್ಕನ ಮಗ. ಪಾಪ, ಅವನ ಕೈಯಲ್ಲಿ ಬಸಿ ಗಡಗಡ ನಡುಗುತ್ತಿತ್ತು. ಚೇರ್ಮನ್ನರೆಂದರೆ ಚನ್ನಬಸವಣ್ಣ ಸಾವಕಾರರು. ಹತ್ತಿಯ ದೊಡ್ಡ ವ್ಯಾಪಾರ, ದೊಡ್ಡ ಮೀಸೆ, ದೊಡ್ಡ ದನಿ. ಕೆಟ್ಟವರು ಎಂದು ಯಾರೂ ಅನ್ನುತ್ತಿರಲಿಲ್ಲ. ಶಾಲೆ ಕಟ್ಟಿಸಿದ್ದೇ ಅವರು. ಆದರೆ ತಾವು ಕಟ್ಟಿಸಿದ ಶಾಲೆಯಲ್ಲಿ ತಮ್ಮ ಮಾತಿಗೆ ಎದುರು ಮಾತು ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಗಣಿತದ ಸರದಿ ಮೊದಲಾಯಿತು. ಬಿ.ಎಸ್ಸಿ. ಮಾಡಿದ ಹೆಣ್ಣುಮಗಳು ನಾನೊಬ್ಬಳೇ ಬಂದಿದ್ದೆ. ಹೀಗಾಗಿ ನನಗೆ ಚಕ್ಕಲಿ ಗಿಕ್ಕಲಿ ಏನೂ ಕೇಳದೆ ಕಳಿಸಿದರು. ಆಮೇಲೆ ಕನ್ನಡದ್ದು. ಅಖ್ತರಿಯ ಹೆಸರು ಕೂಗಿದಾಗ ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಚುಕಿ ಎದ್ದು ಹೋದಳು. ಬಿಸಿಲಿಗೆ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ನಾನು ಸರಳು ಹಿಡಿದುಕೊಂಡು ನಿಂತೆ. ನಿಲ್ಲಬಾರದು ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಒಳಗೆ ಸಾವಕಾರರು, ಅವರ ಪಕ್ಕ ಸೆಕ್ರೆಟರಿ, ಇನ್ನಿಬ್ಬರು ಮೆಂಬರುಗಳು, ತುದಿಗೆ ಗದಗಿನ ಕಾಲೇಜಿನಿಂದ ವಿಷಯತಜ್ಞರೆಂದು ಕರೆಸಿದ್ದ ಮೈಲಾರಪ್ಪ ಸರ್. ಮೈಲಾರಪ್ಪ ಸರ್ ಒಬ್ಬರೇ ವ್ಯಾಕರಣ, ಪದ್ಯ ಎಂದು ಒಂದೆರಡು ಪ್ರಶ್ನೆ ಕೇಳಿದರು, ಅವಳು ಹೇಳಿದಳು. ಅಷ್ಟರಲ್ಲಿ ಸಾವಕಾರರು ಎಂದಿನ ಮಾತು ತೆಗೆದರು.

"ಅಲ್ಲವಾ, ನಿಮಗ ಉರ್ದು ಶಾಲಿ ಅದಾವಲ್ಲ?"

"ನನಗ ಉರ್ದು ಬರೂದಿಲ್ಲರಿ ಸಾವಕಾರ್ರ," ಎಂದಳು ಅಖ್ತರಿ. "ನಮ್ಮಪ್ಪ ನನ್ನ ಬೈಯೂದೂ ಕನ್ನಡದಾಗ, ನಮ್ಮವ್ವ ಅಳೂದೂ ಕನ್ನಡದಾಗ. ನಾ ಕಲಿತದ್ದು ಅದು, ಕಲಸಾಕ ಬರೂದೂ ಅದ."

"ಖರೆ, ನೀ ಅನ್ನೂದು ಖರೆ. ನನಗೇನೂ ಇಲ್ಲ ನೋಡು," ಎಂದು ಸಾವಕಾರರು ಮೀಸೆ ತೀಡಿದರು. "ಆದರ ಪಾಲಕರು ಒಪ್ಪೂದಿಲ್ಲ. ಹುಡುಗ್ಯಾರ ಮನಿಯವರು ಬಂದು ನನ್ನ ಕೇಳ್ತಾರ. ಅವರಿಗೆ ನಾ ಏನ್ ಹೇಳ್ಲಿ?"

ನನ್ನ ಮೈ ಉರಿಯಿತು. ಪ್ರತಿ ಊರಲ್ಲೂ ಇದೇ. ನನಗೇನೂ ಇಲ್ಲ, ಪಾಲಕರು ಒಪ್ಪುವುದಿಲ್ಲ! ಆ ಪಾಲಕರನ್ನು ನಾವು ಯಾರೂ ಕಂಡಿರಲಿಲ್ಲ. ಅಖ್ತರಿ ತುಟಿ ಕಚ್ಚಿಕೊಂಡು ನಿಂತಳು.

"ಇರಲಿ, ಪಾಠ ಒಂದು ಮಾಡಿಬಿಡ್ರಿ," ಎಂದರು ಸೆಕ್ರೆಟರಿ. ಕಾಗದದಲ್ಲಿ ಮಾದರಿ ಪಾಠಕ್ಕೆ ಅಂಕ ಬರೆಯಲೇಬೇಕಿತ್ತು. ಸೂಟಿಯಲ್ಲಿ ಹುಡುಗಿಯರು ಎಲ್ಲಿಂದ ಬರಬೇಕು? ಆಗ ಎಲ್ಲ ಕಡೆ ನಡೆಯುತ್ತಿದ್ದ ಪದ್ಧತಿಯಂತೆ ಕಮಿಟಿಯವರೇ ಎದ್ದು ಹೋಗಿ ಹುಡುಗಿಯರ ಬೆಂಚುಗಳಲ್ಲಿ ಕೂತರು. ಸಾವಕಾರರು ಹೊಟ್ಟೆಯನ್ನು ಡೆಸ್ಕಿನ ಒಳಗೆ ತೂರಿಸಿಕೊಂಡು ನಕ್ಕು, "ಹೂಂ, ನಾವು ಎಂಟನೇ ಇಯತ್ತೆ ಹುಡುಗ್ಯಾರು ಅಂತ ತಿಳ್ಕೊಂಡು ಚಾಲೂ ಮಾಡ್ರಿ" ಎಂದರು.

ಅಖ್ತರಿ ಸೀಮೆಸುಣ್ಣ ತೆಗೆದುಕೊಂಡಳು. ಎಂಟನೆಯ ಇಯತ್ತೆಯ ಪುಸ್ತಕದ ಒಂದು ಗದ್ಯಪಾಠ, ಹೊಳೆ ದಾಟುವ ಹರಿಗೋಲಿನದು. ಹೊಳೆದಂಡೆಯಲ್ಲಿ ಬೆಳೆದವಳಿಗೆ ಅದನ್ನು ಹೇಳಿಕೊಡಬೇಕೇ? ಹರಿಗೋಲು ಹೇಗೆ ತಿರುಗುತ್ತದೆ, ಹುಟ್ಟು ಹಾಕುವವನು ಹತ್ತಿದವರಿಗೆ ಯಾಕೆ ಬೈಯುತ್ತಾನೆ, ಎಲ್ಲ ಕಣ್ಣ ಮುಂದೆ ಬರುವ ಹಾಗೆ ಹೇಳತೊಡಗಿದಳು. ಮೈಲಾರಪ್ಪ ಸರ್ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ಉಳಿದವರು? ಒಬ್ಬ ಮೆಂಬರು ಪೇಪರ್ ಬಿಚ್ಚಿದ. ಇನ್ನೊಬ್ಬ ಉಗುರಿನಿಂದ ಹಲ್ಲು ಕೆದರುತ್ತಿದ್ದ. ಸಾವಕಾರರು ಸೆಕ್ರೆಟರಿಯ ಕಡೆ ಪೂರ್ತಿ ಹೊರಳಿ, ಗದಗಿನ ಪ್ಯಾಟಿಯಲ್ಲಿ ಹತ್ತಿಯ ಧಾರಣೆ ಏನಾಯಿತು ಎಂದು ತಮ್ಮ ದೊಡ್ಡ ದನಿಯಲ್ಲೇ ಮಾತು ಹಚ್ಚಿದರು. ಅವಳ ದನಿ ಏರಿದರೆ ಅವರ ದನಿಯೂ ಏರುತ್ತಿತ್ತು.

ಅಖ್ತರಿ ನಿಲ್ಲಿಸಿದಳು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಏಯ್, ನಡುವಿನ ಬೆಂಚು! ಎದ್ದ ನಿಂದ್ರು!"

ಯವ್ವಾ, ಆ ದನಿ! ಕಿಟಕಿಯ ಹೊರಗಿದ್ದ ನಾನೇ ನೆಟ್ಟಗಾದೆ. ಒಳಗೆ ಚನ್ನಬಸವಣ್ಣ ಸಾವಕಾರರು ಎದ್ದು ನಿಂತರು. ಬೇಕೆಂದು ಎದ್ದದ್ದಲ್ಲ. ಸಣ್ಣವರಿದ್ದಾಗ ಮಾಸ್ತರರು ಎಷ್ಟು ಸಲ ಹಾಗೆ ನಿಲ್ಲಿಸಿದ್ದರೋ ಏನೋ, ಕಾಲು ತಾವೇ ಎದ್ದುಬಿಟ್ಟವು. ಕೈ ಕಟ್ಟಿಕೊಂಡು ಬೇರೆ ನಿಂತಿದ್ದರು!

"ನಾ ಇಲ್ಲಿ ಪಾಠ ಮಾಡಾಕತ್ತೀನಿ, ನೀ ಅಲ್ಲಿ ಏನ್ ಮಾಡಾಕತ್ತಿ? ಹರಿಗೋಲು ಯಾಕ ತಿರುಗಿತು? ಹೇಳು."

ಸಾವಕಾರರು ಬಾಯಿ ತೆರೆದರು. ಉತ್ತರ ಎಲ್ಲಿಂದ ಬರಬೇಕು, ಕೇಳಿದ್ದರೆ ತಾನೆ. ಮೈಲಾರಪ್ಪ ಸರ್ ಫಕ್ಕನೆ ನಕ್ಕರು. ಅವಳು ಅತ್ತ ಒಂದು ಸಲ ನೋಡಿದಳು, ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಪೇಪರಿನವನು ಪೇಪರನ್ನು ತೊಡೆಯ ಕೆಳಗೆ ಹಾಕಿಕೊಂಡ.

"ಆತು, ಅದು ನಿನಗ ಗೊತ್ತಿಲ್ಲ. ಗೊತ್ತಿದ್ದದ್ದು ಕೇಳ್ತೀನಿ," ಎಂದಳು ಅಖ್ತರಿ. ಈಗ ದನಿ ಏರಿರಲಿಲ್ಲ. "ಪಾಲಕರು ಒಪ್ಪೂದಿಲ್ಲ ಅಂದಿ. ಯಾವ ಪಾಲಕರು? ಯಾರ ಮನಿಗೆ ಹೋಗಿ ಕೇಳಿದಿ? ಹೆಸರು ಹೇಳು."

ಚಹಾದ ಕೆಟಲಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದ ಶಾಲೆಯ ಆಯಾ ಗದಿಗೆವ್ವ ಒಮ್ಮೆಲೆ, "ನನ್ನ ಮಗಳೂ ಇಲ್ಲೇ ಕಲೀತಾಳ್ರಿ. ನನ್ನನ್ನಂತೂ ಯಾರೂ ಕೇಳಿಲ್ಲರಿಯಪ್ಪ" ಎಂದಳು. ಅಂದವಳೇ ತಾನು ಅಂದದ್ದಕ್ಕೆ ತಾನೇ ಹೆದರಿ ಸೆರಗು ಬಾಯಿಗೆ ಹಿಡಿದಳು.

ಸಾವಕಾರರ ಮುಖಕ್ಕೆ ರಕ್ತ ಏರಿತು. ಆದರೂ ನಿಂತೇ ಇದ್ದರು.

"ಉತ್ತರ ಬರುವತನಕ ನಿಂತಿರು," ಎಂದಳು ಅಖ್ತರಿ. ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿಗೆ ತಿರುಗಿ ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಹರಿಗೋಲು ದಂಡೆ ಮುಟ್ಟುವವರೆಗೆ ಹೇಳಿದಳು. ಬೋರ್ಡಿನ ಮೇಲೆ ಹೊಸ ಶಬ್ದಗಳನ್ನು ಬರೆದಳು, ಪ್ರಶ್ನೆ ಕೇಳಿದಳು, ಮನೆಗೆಲಸ ಕೊಟ್ಟಳು. ಅಷ್ಟು ಹೊತ್ತು ಒಂದು ಕೆಮ್ಮು ಇಲ್ಲ. ಸಾವಕಾರರು ನಡುವೆ ಯಾವಾಗಲೋ ಎಚ್ಚರಾದವರಂತೆ ಧಪ್ಪನೆ ಕೂತುಬಿಟ್ಟರು. ಅವಳು ಅದನ್ನು ನೋಡಿದರೂ ನೋಡದಂತೆ ಪಾಠ ಮುಗಿಸಿದಳು.

"ಇಲ್ಲಿ ನಿನಗ ನೌಕರಿ ಸಿಗ್ತೈತಿ ಅಂತ ತಿಳದೀಯೇನು?" ಎಂದು ಸಾವಕಾರರು ಬೆಂಚಿನಿಂದ ಹೊರಬರಲು ಒದ್ದಾಡುತ್ತ ಗುಡುಗಿದರು.

"ನಾವು ಹುಡುಗ್ಯಾರು ಅಂತ ತಿಳ್ಕೋ ಅಂದವರು ನೀವರಿ. ನಾ ಹಂಗ ತಿಳ್ಕೊಂಡೆ."

"ಆತು, ಹೋಗು. ತಿಳಸ್ತೀವಿ."

"ತಿಳಸೂದು ಬ್ಯಾಡ್ರಿ," ಎಂದಳು. "ಕೇಳಿದ್ದಕ್ಕ ಉತ್ತರ ಹೇಳ್ರಿ, ಅಷ್ಟ ಸಾಕು." ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನವರೆಗೆ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. "ಏನ್ ಹುಚ್ಚಿ ಅದೀಯಲೇ! ಜೂನ್ ಒಂದು ಎದಿ ಮ್ಯಾಲೆ ಬಂದು ಕುಂತೈತಿ. ನಾಲ್ಕು ನಿಮಿಷ ಹಲ್ಲು ಕಚ್ಚಿ ಪಾಠ ಮಾಡಿ ಬರಾಕ ಆಗಲಿಲ್ಲ?"

"ಹಲ್ಲು ಕಚ್ಚಿ ಕಚ್ಚಿ ದವಡಿ ನೋವು ಬಂದೈತಿ ರೇಣುಕಾ," ಎಂದಳು. ಹಮ್ಮಿಗಿಯ ಬಸ್ಸು ಬಂತು. ಹತ್ತಿ ಕಿಟಕಿಯಲ್ಲಿ ಕೂತಮೇಲೆ ಅವಳ ಕಣ್ಣಿಂದ ನೀರು ಸುರಿಯತೊಡಗಿತು. ಒರೆಸಿಕೊಳ್ಳಲಿಲ್ಲ. "ಅಪ್ಪಗ ಏನ್ ಹೇಳ್ಲಿ?" ಎಂದಳು. ನನಗೂ ಅಳು ಬಂತು. ಅಷ್ಟು ಚಂದ ಪಾಠ ಮಾಡುವವಳನ್ನು ಇವರು ಹೊಳೆಗೆ ಅಟ್ಟಿಬಿಟ್ಟರಲ್ಲ ಎಂದು ಹೊಟ್ಟೆ ಉರಿಯಿತು.

ಮುಂದಿನದನ್ನು ನಾನು ಗದಿಗೆವ್ವನಿಂದ ಕೇಳಿದ್ದು. ನಿಯಮದ ಪ್ರಕಾರ ಪ್ರತಿ ಜಾಗಕ್ಕೆ ಎರಡು ಹೆಸರು ಬರೆಯಬೇಕು, ಮೊದಲನೆಯವರು ಒಲ್ಲೆ ಎಂದರೆ ಎರಡನೆಯವರು. ಕನ್ನಡಕ್ಕೆ ಮೊದಲ ಹೆಸರು ಹೊಳೆಯಪ್ಪನದು, ಅದು ಮೊದಲೇ ಬರೆದಿಟ್ಟದ್ದು. ಎರಡನೆಯದು ಯಾವುದಾದರೇನು ಎಂದು ಸಾವಕಾರರು ಕೈ ಬೀಸಿದರಂತೆ. ಆಗ ಮೈಲಾರಪ್ಪ ಸರ್ ಪೆನ್ನಿನ ಟೊಪ್ಪಿಗೆ ಮುಚ್ಚಿ, "ಎರಡನೇದು ಆ ಹುಡುಗೀದು. ಇಲ್ಲಂದ್ರ ನಾ ಸಹಿ ಹಾಕೂದಿಲ್ಲ" ಎಂದು ಕೂತುಬಿಟ್ಟರಂತೆ. ಎಲ್ಲರಿಗೂ ಮನೆಗೆ ಹೋಗುವ ಅವಸರವಿತ್ತು. ಬರೆದರು.

ಗಣಿತಕ್ಕೆ ನನ್ನ ಆರ್ಡರ್ ಬಂತು. ಸಂತೋಷಪಡಲೋ ಬೇಡವೋ ತಿಳಿಯದೆ ಮುಂಡರಗಿಗೆ ಬಂದು ಬಾಡಿಗೆಯ ಖೋಲಿ ಹಿಡಿದೆ. ಮೇ ತಿಂಗಳ ಕಡೆಯ ವಾರ. ಒಂದು ಬೆಳಗ್ಗೆ ಮನೆಯ ಮುಂದೆ ಸಾವಕಾರರ ಜೀಪು ಬಂದು ನಿಂತಿತು.

"ಅಕ್ಕೋರ, ಆ ಹಮ್ಮಿಗಿ ಹುಡುಗಿ ಮನಿ ನಿಮಗ ಗೊತ್ತೈತೇನು?" ಎಂದು ಸಾವಕಾರರು ಒಳಗಿನಿಂದಲೇ ಕೇಳಿದರು. ಮುಖದಲ್ಲಿ ಕಳೆ ಇರಲಿಲ್ಲ.

ಆದದ್ದು ಇಷ್ಟು. ಹೊಳೆಯಪ್ಪನಿಗೆ ಬ್ಯಾಂಕಿನಲ್ಲಿ ಕೆಲಸವಾಗಿತ್ತು. ಕುಣಿದಾಡಿಕೊಂಡು ಹೋಗಿಬಿಟ್ಟ. "ಮಾಮಾ, ನಿಮ್ಮೈದು ಮಂದಿ ಮುಂದ ನಿಂತಾಗ ನನ್ನ ಕಾಲು ನಡಗಿದ್ವು. ಐವತ್ತು ಹುಡುಗ್ಯಾರ ಮುಂದ ನನ್ನ ಕೈಲೆ ಆಗೂದಿಲ್ಲ" ಎಂದನಂತೆ. ಹೊಸದಾಗಿ ಕರೆಯಬೇಕೆಂದರೆ ಆ ವರ್ಷದ ಜಾಗವೇ ಕೈಬಿಟ್ಟು ಹೋಗುತ್ತಿತ್ತು. ಎರಡನೆಯ ಹೆಸರು ಅಖ್ತರಿಯದು, ಅವಳ ವಯಸ್ಸು ಮೀರಲು ದಿನ ಉಳಿದಿರಲಿಲ್ಲ. ಆರ್ಡರನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ತಾವೇ ಯಾಕೆ ಹೊರಟರು ಎಂಬುದು ನನಗೆ ಆಗ ತಿಳಿಯಲಿಲ್ಲ. ಹೆಣ್ಣುಮಗಳ ಮನೆಗೆ ಒಬ್ಬರೇ ಹೋಗುವುದು ಚಂದವಲ್ಲ, ನೀವೂ ಬರ್ರಿ ಎಂದರು. ನಾನು ಚಪ್ಪಲಿ ಮೆಟ್ಟಿ ಹತ್ತಿದೆ.

ಹಮ್ಮಿಗಿಯಲ್ಲಿ ರಹಮಾನಸಾಬ ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದ. ಹಿಂಜುವ ಬಿಲ್ಲಿನ ನಾರಿ ಝುಂಯ್ ಝುಂಯ್ ಎನ್ನುತ್ತಿತ್ತು, ಹತ್ತಿಯ ಎಳೆಗಳು ಮನೆ ತುಂಬ ಹಾರುತ್ತಿದ್ದವು. ಸಾವಕಾರರನ್ನು ಕಂಡು ಮುದುಕ ಗಾಬರಿಯಾಗಿ ಬಿಲ್ಲು ಬದಿಗಿಟ್ಟ. "ಬರ್ರಿ ಸಾವಕಾರ್ರ, ಬರ್ರಿ ಬರ್ರಿ! ಏ ಬೀಬಿಜಾನ, ಕಂಬಳಿ ತಾ! ಕುಂಡ್ರಿ, ಕುಂಡ್ರಿ." ಬೀಬಿಜಾನ ಓಡಿಬಂದು ಹೊಸ ಕಂಬಳಿ ಹಾಸಿದಳು. ಸಾವಕಾರರು ಧೋತರದ ಚುಂಗು ಹಿಡಿದು ಬಗ್ಗಿದರು.

"ಕುಂಡ್ರಬ್ಯಾಡ್ರಿ."

ಒಳಬಾಗಿಲಲ್ಲಿ ಅಖ್ತರಿ ನಿಂತಿದ್ದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಸಾವಕಾರರು ಅರ್ಧ ಬಗ್ಗಿದವರು ಹಾಗೇ ಎದ್ದು ನಿಂತರು.

"ಏ ಅಖ್ತರಿ!" ಎಂದು ರಹಮಾನಸಾಬ ಚೀರಿದ. "ಮನಿಗೆ ಬಂದವರನ್ನ ನಿಂದರಸ್ತೀಯೇನು? ನಾವೇನು ಅಂಥಾ ಮಂದಿಯೇನು? ಕುಂಡ್ರಿ ಸಾವಕಾರ್ರ, ಆಕಿ ಹುಡುಗಬುದ್ಧಿ."

ಸಾವಕಾರರು ಕೂರಲಿಲ್ಲ. ಅಂಗಿಯ ಕಿಸೆಯಿಂದ ಲಕ್ಕೋಟೆ ತೆಗೆದರು. "ಆರ್ಡರ್ ತಂದೀನಿ," ಎಂದರು. "ನಾಳೆ ಬಂದು ಹಾಜರ್ ಆಗಬೇಕು."

ಬೀಬಿಜಾನ ಸೆರಗನ್ನು ಎರಡೂ ಕೈಯಿಂದ ಒಡ್ಡಿದಳು, ದೇವರಿಗೆ ಒಡ್ಡುವ ಹಾಗೆ. ನಾನು ಅಖ್ತರಿಯ ಹತ್ತಿರ ಹೋಗಿ ರಟ್ಟೆ ಚಿವುಟಿದೆ. "ತಗೋಲೇ, ತಗೋ. ಇವತ್ತು ಬಿಟ್ರ ಮುಗೀತು," ಎಂದು ಕಿವಿಯಲ್ಲಿ ಹೇಳಿದೆ. ಆ ಲಕ್ಕೋಟೆಗಾಗಿ ಅವಳು ಎಷ್ಟು ಊರು ತಿರುಗಿದ್ದಳು, ಎಷ್ಟು ಪಡಸಾಲೆಯಲ್ಲಿ ಒಣ ರೊಟ್ಟಿ ತಿಂದಿದ್ದಳು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡಿದರೆ ಕೈ ಚಾಚಲೇ ಇಲ್ಲ.

"ಅದು ಕಿಸೇದಾಗ ಇರಲಿ ಸಾವಕಾರ್ರ," ಎಂದಳು. "ನಾ ಒಂದು ಪ್ರಶ್ನೆ ಕೇಳಿದ್ದೆ. ಮೊದಲು ಅದರ ಉತ್ತರ ಬರಲಿ. ಇಲ್ಲಂದ್ರ ನಾ ಬರೂದಿಲ್ಲ."

ರಹಮಾನಸಾಬ ಹಣೆ ಬಡಿದುಕೊಂಡ. ಈಗ ಜೀಪು ತಿರುಗಿ ಹೋಗುತ್ತದೆ, ಆ ಲಕ್ಕೋಟೆಯೂ ಅದರ ಜೊತೆ ಹೋಗುತ್ತದೆ ಎಂದುಕೊಂಡೆ. ಸಾವಕಾರರು ಬಾಗಿಲ ಕಡೆ ಒಮ್ಮೆ ನೋಡಿದರು. ಹೊರಗೆ ಓಣಿಯ ಮಂದಿ ಜೀಪಿನ ಸುತ್ತ ನೆರೆದಿದ್ದರು. ಹಾರಾಡುತ್ತಿದ್ದ ಹತ್ತಿ ಸಾವಕಾರರ ಟೊಪ್ಪಿಗೆಯ ಮೇಲೆ, ಮೀಸೆಯ ಮೇಲೆ ಕೂತಿತ್ತು. ಕೊಡವಿಕೊಳ್ಳಲಿಲ್ಲ.

"ಯಾರನ್ನೂ ಕೇಳಿರಲಿಲ್ಲ," ಎಂದರು.

ಅಖ್ತರಿ ಕಾಯುತ್ತ ನಿಂತಳು. ಅರ್ಧ ಉತ್ತರ ಹೇಳಿದ ಹುಡುಗನ ಮುಂದೆ ಮಾಸ್ತರರು ಕಾಯುವುದೂ ಹೀಗೆಯೇ.

"ಯಾವ ಪಾಲಕರೂ ನನಗ ಏನೂ ಅಂದಿರಲಿಲ್ಲ," ಎಂದರು ಸಾವಕಾರರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ, ಅಷ್ಟು ಹತ್ತಿರವಿದ್ದ ನಾನೂ ಕಿವಿಗೊಟ್ಟು ಕೇಳಬೇಕಾಯಿತು. "ಒಪ್ಪದಾಂವ ನಾನ ಇದ್ದೆ."

ರಹಮಾನಸಾಬ ತಲೆ ಎತ್ತಿ ನೋಡಿದ. ಬೀಬಿಜಾನಳ ಸೆರಗು ಕೆಳಗಿಳಿಯಿತು. ಅಖ್ತರಿ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಆಮೇಲೆ ಕಂಬಳಿಯ ಮೇಲೆ ಬಿದ್ದಿದ್ದ ಹತ್ತಿಯನ್ನು ಬಗ್ಗಿ ಬಳಿದು ತೆಗೆದಳು.

"ಕುಂಡ್ರಿ ಸಾವಕಾರ್ರ," ಎಂದಳು. "ಯವ್ವಾ, ಚಹಾ ಇಡು."